ಗೋಡೆಯ ಮಾಡದ ಕಪ್ಪು-ಬಸಿ

ಸಾವಂತ್ರೆವ್ವ ಜೋಳದ ಕಣಜದೊಳಗೆ ಭುಜದ ಮಟ್ಟ ಕೈ ಇಳಿಸಿ ಆ ಗಂಟನ್ನು ಹೊರಗೆ ಎಳೆದಾಗ ಮನೆಯ ಎಲ್ಲರೂ ಅಲ್ಲೇ ಇದ್ದರು. ಸೊಸೆ ಮಲ್ಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಓದುವ ಮೊಮ್ಮಗಳು ದುರ್ಗಾ ಶನಿವಾರವೆಂದು ಊರಿಗೆ ಬಂದವಳು, ಕೈಯಲ್ಲಿ ಮೊಬೈಲು ಹಿಡಿದು ಅಜ್ಜಿಯ ಬೆನ್ನ ಹಿಂದೆಯೇ ನಿಂತಿದ್ದಳು. ಮಗ ಯಲ್ಲೇಶ ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿ ಬುತ್ತಿಗಾಗಿ ಕಾಯುತ್ತ ಹೊಸ್ತಿಲ ಮೇಲೆ ಕುಳಿತಿದ್ದ.

"ಏನಬೇ ಅದು?" ಎಂದ.

ಸಾವಂತ್ರೆವ್ವ ಜೋಳದ ಧೂಳು ಜಾಡಿಸಿ, ಗಂಟು ಬಿಚ್ಚಿ, ಒಳಗಿದ್ದುದನ್ನು ಒಂದೊಂದಾಗಿ ನೆಲದ ಮೇಲಿಟ್ಟಳು. ನಾಲ್ಕು ಪಿಂಗಾಣಿ ಕಪ್ಪು, ಎರಡು ಬಸಿ. ಅಂಚಿಗೆ ಹಸಿರು ಗೆರೆ. ಒಂದಕ್ಕೆ ಹಿಡಿಕೆ ಇಲ್ಲ. ಇನ್ನೊಂದಕ್ಕೆ ಬಾಯಿಂದ ತಳದವರೆಗೆ ಕೂದಲೆಳೆಯಂಥ ಬಿರುಕು.

ಯಲ್ಲೇಶ ಎದ್ದು ನಿಂತ. "ಇವನ್ನ ಇನ್ನೂ ಇಟ್ಟಿಯೇನು? ಅಪ್ಪ ಹಾಳ ಬಾವ್ಯಾಗ ಒಗದೇನಿ ಅಂದಿದ್ದ."

"ನಿಮ್ಮಪ್ಪ ಹಂಗ ಅಂದಿದ್ದು ಊರ ಮಂದಿಗೆ," ಎಂದಳು ಸಾವಂತ್ರೆವ್ವ. "ಇಟ್ಟಾಕಿ ನಾನು."

ಊರ ಅಗಸಿಬಾಗಿಲ ಬಾಜೂ ಇರುವ ಹೊಳೆಪ್ಪನ ಚಾದಂಗಡಿಯೊಳಗೆ ದಲಿತ ಕೇರಿಯವರು ಕಾಲಿಡುವಂತಿಲ್ಲದ ಕಾಲದ ಕಪ್ಪುಗಳವು. ಅಂಗಡಿಯ ಹೊರಗೋಡೆಗೆ ಒಂದು ಮಾಡವಿತ್ತು. ದೀಪ ಇಡುವ ಗೂಡಿನಷ್ಟು. ಕೇರಿಯವರ ಕಪ್ಪುಗಳು ಅದರಲ್ಲಿ ಇರುತ್ತಿದ್ದವು. ತಾವೇ ತೆಗೆದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರೆ ಹೊಳೆಪ್ಪ ಮೇಲಿನಿಂದ ಚಾ ಸುರಿಯುವನು. ಕುಡಿದು, ತಾವೇ ತೊಳೆದು, ಮತ್ತೆ ಮಾಡದಲ್ಲಿಟ್ಟು ಹೋಗಬೇಕು. ಯಲ್ಲೇಶ ಇನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದ ವರ್ಷ ಒಂದು ಮುಂಜಾನೆ ಅವನಪ್ಪ ಲಕ್ಷ್ಮಣಪ್ಪ ಕೇರಿಯ ಹುಡುಗರನ್ನು ಕಟ್ಟಿಕೊಂಡು ಹೋಗಿ ಆ ಮಾಡವನ್ನು ಬರಿದು ಮಾಡಿದ. "ಇನ್ನ ಕುಡದ್ರ ಒಳಗ ಬಾಕಿನ ಮ್ಯಾಲ ಕುಂತು ಕುಡಿಯೂದು" ಎಂದು ಹೇಳಿ, ಕಪ್ಪುಗಳನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಬಂದ. ಆ ವರ್ಷವೆಲ್ಲ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಸಾವಂತ್ರೆವ್ವ ಅಣ್ಣಿಗೇರಿಗೆ ಹೋಗಿ ಹತ್ತಿ ಜಿನ್ನಿನಲ್ಲಿ ದುಡಿದು ಮಕ್ಕಳ ಹೊಟ್ಟೆ ಹೊರೆದಳು. ಆಮೇಲೆ ಅಂಗಡಿಯ ಬಾಗಿಲೂ ತೆರೆಯಿತು, ಕಾಲವೂ ಸರಿಯಿತು. ಲಕ್ಷ್ಮಣಪ್ಪ ತೀರಿಕೊಂಡೂ ವರ್ಷಗಳಾದವು.

ಈಗ ಪುಣೆಯಲ್ಲಿ ಯಾರೋ ಒಂದು ಸಂಗ್ರಹಾಲಯ ಕಟ್ಟುತ್ತಿದ್ದರು. ಹಿಂದೆ ಜನ ಹೇಗೆ ಬದುಕಿದರು, ಏನನ್ನು ಸಹಿಸಿದರು, ಏನನ್ನು ಒದ್ದು ಬಂದರು ಎಂದು ತೋರಿಸುವ ಮನೆ. ದುರ್ಗಾ ಅವರಿಗೆ ಬರೆದಿದ್ದಳು. ಕಳಿಸಿಕೊಡಿ, ಖರ್ಚು ನಮ್ಮದು, ಒಡೆಯದಂತೆ ಕಟ್ಟುವುದೊಂದು ನಿಮ್ಮ ಜವಾಬ್ದಾರಿ ಎಂದು ಅವರು ಉತ್ತರ ಕೊಟ್ಟಿದ್ದರು. ಜೊತೆಗೆ ಊರು ಯಾವುದು, ಅಂಗಡಿ ಯಾರದು, ಕಾಪಾಡಿದವರು ಯಾರು ಎಂಬುದನ್ನೂ ಕೇಳಿದ್ದರು.

"ಕಳಸೂದಿಲ್ಲ," ಎಂದ ಯಲ್ಲೇಶ. "ಕಳಸೂದೂ ಬ್ಯಾಡ, ಹೆಸರು ಬರಸೂದೂ ಬ್ಯಾಡ."

"ಯಾಕಪ್ಪಾ?" ಎಂದಳು ದುರ್ಗಾ.

"ಯಾಕಂದ್ರ? ಆ ಹಿಡಿಕಿ ಮುರದ ಕಪ್ಪು ನೋಡು. ಅದರಾಗ ನಾ ಚಾ ಕುಡದೇನಿ. ನನ್ನ ಬಾಜೂ ಕುಂತು ಸಾಲಿ ಕಲತ ಹುಡುಗ್ರು ಒಳಗ ಬಾಕಿನ ಮ್ಯಾಲ ಕುಂತು ನನ್ನ ನೋಡ್ತಿದ್ರು. ಈಗ ಅದನ್ನ ಗಾಜಿನ ಪೆಟಗ್ಯಾಗಿಟ್ಟು ಊರ ಮಂದಿಗೆಲ್ಲಾ ತೋರಸೋಣಂತೀಯಲ್ಲ, ನಿನಗೇನರ ಬುದ್ಧಿ ಐತೇನು?"

"ನಾಚಿಗಿ ಪಡಬೇಕಾದಾವ್ರು ನಾವಲ್ಲಪ್ಪಾ."

"ಅದನ್ನ ನಿನ್ನ ಪುಸ್ತಕದಾಗ ಬರಕೋ. ಈ ಊರಾಗ ದಿನಾ ಬಾಳೇವು ಮಾಡಾಂವ ನಾನು!"

ಬುತ್ತಿ ತೆಗೆದುಕೊಳ್ಳದೆಯೇ ಹೊರಟುಹೋದ. ಮಲ್ಲಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚುವುದನ್ನೂ ಮರೆತು ಅತ್ತೆಯ ಮುಖ ನೋಡಿದಳು. ಸಾವಂತ್ರೆವ್ವ, "ರೊಟ್ಟಿ ಹೊತ್ತಾಕತ್ತೈತಿ ನೋಡು," ಎಂದಷ್ಟೇ ಅಂದು, ಕಪ್ಪುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

ಮರುದಿನ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಅಂಗಳದಲ್ಲಿ ಕಟ್ಟುವುದನ್ನು ಕಲಿಯಲು ಕುಳಿತರು. ಹಳೆಯ ಕಪ್ಪನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಡುಗೆಮನೆಯ ಎರಡು ಕಪ್ಪು ತಂದು, ಹಳೆಯ ಪೇಪರಿನಲ್ಲಿ ಸುತ್ತಿ, ಬೂಟಿನ ಡಬ್ಬಿಗೆ ಹಾಕಿ, ಸುತ್ತ ಹೊಟ್ಟು ತುಂಬಿದರು.

"ಗಟ್ಟಿ ಆತು," ಎಂದಳು ದುರ್ಗಾ.

"ಆತೋ ಇಲ್ಲೋ ನೋಡೂಣು," ಎಂದವಳೇ ಸಾವಂತ್ರೆವ್ವ ಡಬ್ಬಿಯನ್ನೆತ್ತಿ ಕಟ್ಟೆಯ ಮೇಲಿಂದ ಧೊಪ್ಪನೆ ಕೆಳಗೆ ಬಿಟ್ಟಳು.

"ಆಯಿ!" ಎಂದು ದುರ್ಗಾ ಅಜ್ಜಿಯ ಮೇಲೆ ಚೀರಿದಳು.

"ಪುಣೆತನಾ ನಿನ್ನ ತೊಡಿ ಮ್ಯಾಲ ಕುಂತು ಹೊಕ್ಕಾವೇನು? ಗಾಡ್ಯಾಗ ಒಗಿಯೂ ಮಂದಿ ಹಿಂಗ ಒಗೀತಾರ."

ಬಿಚ್ಚಿ ನೋಡಿದರೆ ಒಂದು ಕಪ್ಪಿನ ಹಿಡಿಕೆ ಮುರಿದಿತ್ತು, ಇನ್ನೊಂದು ಎರಡು ಹೋಳಾಗಿತ್ತು. ಹೊಟ್ಟು ಜರಿದು ಒಂದು ಮೂಲೆಗೆ ಸೇರಿ ಕಪ್ಪುಗಳು ಒಂದಕ್ಕೊಂದು ತಾಗಿದ್ದವು. ಪೇಪರಿನ ಮಸಿ ಬೆವರಿದ ಬೆರಳಿಗೆಲ್ಲ ಹತ್ತಿತ್ತು. ಮಲ್ಲಮ್ಮ ಒಳಗಿನಿಂದ ಇಣುಕಿ ತನ್ನ ಕಪ್ಪುಗಳ ಗತಿ ನೋಡಿ, "ಇನ್ನ ಮ್ಯಾಲ ಈ ಮನ್ಯಾಗ ಚಾ ಲೋಟಾದಾಗ," ಎಂದು ಸಿಟ್ಟಿನಲ್ಲಿ ಒಳಗೆ ಹೋದಳು. ದುರ್ಗಾಗೆ ನಗು ತಡೆಯಲಾಗಲಿಲ್ಲ. ಸಾವಂತ್ರೆವ್ವ ಮಾತ್ರ ಹೋಳುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಒಳಗ ಪೊಳ್ಳು ಬಿಟ್ಟಿವಿ. ಕಪ್ಪಿನ ಹೊಟ್ಟಿ ತುಂಬಬೇಕು, ಮ್ಯಾಲ ಅಲ್ಲ," ಎಂದಳು.

ದುರ್ಗಾ ಧಾರವಾಡಕ್ಕೆ ಹೋಗುವ ಮೊದಲು ಹಳೆಯ ಕಪ್ಪಿನ ಫೋಟೋ ತೆಗೆದು ತನ್ನ ಸ್ಟೇಟಸ್ಸಿಗೆ ಹಾಕಿದಳು. ಊರಿಗೆ ಸುದ್ದಿ ಮುಟ್ಟಲು ಅಷ್ಟು ಸಾಕಾಯಿತು.

ಅಂಗಡಿಯನ್ನು ಈಗ ನಡೆಸುವವನು ಹೊಳೆಪ್ಪನ ಮಗ ಸುಭಾಸ. ಮಾತು ಮೃದು, ಕೈಯೂ ದೊಡ್ಡದು. ಬಿತ್ತನೆಯ ಕಾಲಕ್ಕೆ ಅವನ ಟ್ರ್ಯಾಕ್ಟರನ್ನು ಯಲ್ಲೇಶ ಓಡಿಸುತ್ತಿದ್ದ. ಬಾಡಿಗೆ ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಸುಭಾಸ ಒಂದು ಸಂಜೆ ಮನೆಗೆ ಬಂದು, ಮಲ್ಲಮ್ಮ ಕೊಟ್ಟ ಚಾವನ್ನು ಬೇಕೆಂದೇ ದೊಡ್ಡ ಸಪ್ಪಳ ಮಾಡಿ ಕುಡಿದ.

"ನೋಡ್ರಿ ಯವ್ವಾ, ನಿಮ್ಮನಿ ಚಾ ನಾ ಕುಡೀತೇನಿ. ನಮ್ಮ ನಡುವ ಏನೈತ್ರಿ ಈಗ?"

"ಏನಿಲ್ಲಪ್ಪಾ. ಇನ್ನೊಂದೀಟು ಹಾಕಸ್ಲೇನು?"

"ಬ್ಯಾಡ್ರಿ. ಆ ಕಪ್ಪು ಕಳಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಊರ ಹೆಸರು, ನಮ್ಮಪ್ಪನ ಹೆಸರು ಅಷ್ಟ ಬಿಡಿಸಿಬಿಡ್ರಿ. 'ಒಂದು ಹಳ್ಳಿ' ಅಂತ ಹಾಕಿದ್ರ ಸಾಕಲ್ರಿ?"

"ಒಂದು ಹಳ್ಳಿಗೆ ನಾ ಸೊಸಿಯಾಗಿ ಬರ್ಲಿಲ್ಲಪ್ಪಾ. ಈ ಊರಿಗೆ ಬಂದೆ."

ಸುಭಾಸ ನಗಲು ನೋಡಿದ, ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯಲ್ಲೇಶನ ಕಡೆ ತಿರುಗಿ, "ತಿಳಿಸಿ ಹೇಳಪ್ಪಾ," ಎಂದು ಎದ್ದು ಹೋದ.

ಆ ರಾತ್ರಿಯ ಊಟಕ್ಕೆ ಪುಂಡಿಪಲ್ಲೆ, ರೊಟ್ಟಿ, ಗುರೆಳ್ಳು ಹಿಂಡಿ. ಯಲ್ಲೇಶ ಮೊದಲ ತುತ್ತು ಬಾಯಿಗಿಡುವ ಮೊದಲೇ ಶುರು ಮಾಡಿದ.

"ಅಂವ ಕೇಳಿದ್ದರಾಗ ತಪ್ಪೇನೈತಿ? ಎಷ್ಟ ಮರ್ಯಾದಿಲೆ ಕೇಳಿದ."

"ಮರ್ಯಾದಿಲೆ ಕೇಳಿದ. ಮರ್ಯಾದಿಲೆ ಇಲ್ಲಂದೆ."

"ನನ್ನ ಅನ್ನಕ್ಕ ಮಣ್ಣು ಹಾಕ್ತಿ ನೀನು!"

"ಮಣ್ಣು ನಾ ಹಾಕಿಲ್ಲ. ತಾಟಿನಾಗಿಂದು ಉಣ್ಣು ಮೊದಲ."

ಅವನು ತಾಟು ಸರಿಸಿ ನೇರವಾಗಿ ಕಣಜದ ಕಡೆ ಹೋದ. ತೋಳು ಮುಳುಗಿಸಿ ತಡಕಾಡಿದ, ಜೋಳ ನೆಲಕ್ಕೆ ಚೆಲ್ಲಾಡಿತು. ಗಂಟು ಸಿಗಲಿಲ್ಲ. "ಎಲ್ಲಿಟ್ಟಿ? ಈಗಿಂದೀಗ ಹಳ್ಳಕ್ಕ ಒಗದು ಬರ್ತೇನಿ," ಎಂದು ಕೂಗಾಡಿದ. ಗಂಟು ಅಲ್ಲಿಲ್ಲದ್ದು ಸಾವಂತ್ರೆವ್ವಳಿಗೂ ಹೊಸದು. ಆಕೆ ಅದನ್ನು ಅಲ್ಲೇ ಇಟ್ಟಿದ್ದಳು. ಆದರೆ ಮಗನ ಮುಂದೆ ಅದನ್ನು ತೋರಿಸಿಕೊಳ್ಳುವವಳಲ್ಲ. "ಹುಡುಕು," ಎಂದಳು.

ಅವನು ಸಿಟ್ಟಿಗೆ ಕಂಬಳಿ ಹೆಗಲಿಗೇರಿಸಿ ಹೊಲದ ಗುಡಿಸಲಿಗೆ ನಡೆದ ಮೇಲೆ ಮಲ್ಲಮ್ಮ ಚೆಲ್ಲಿದ ಜೋಳ ಬಳಿಯುತ್ತ ತಲೆ ಎತ್ತದೆ ಹೇಳಿದಳು: "ನನ್ನ ಟ್ರಂಕಿನಾಗ ಅದಾವ್ರಿ ಅತ್ತಿ. ಸೀರಿ ಒಳಗ. ಇವರ ಮಾರಿ ನೋಡಿನ ಸಂಜಿಮುಂದ ತಗದಿಟ್ಟೆ."

"ನೀ?"

"ನಿಮ್ಮ ಮಗ ನನ್ನ ಸೀರಿ ಮುಟ್ಟಾಕ ಬರೂದಿಲ್ಲ. ಮಡಚಾಕ ಹಚ್ಚೇನು ಅಂತ ಅಂಜಿಕಿ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅತ್ತೆಯ ಪರವಾಗಿಯಾಗಲಿ ಗಂಡನ ಪರವಾಗಿಯಾಗಲಿ ಒಂದು ಮಾತು ಆಡದ ಸೊಸೆ. ಸಾವಂತ್ರೆವ್ವ ಅವಳ ಪಕ್ಕದಲ್ಲಿ ಕುಳಿತು ತಾನೂ ಜೋಳ ಬಳಿದಳು.

ಹೊಳೆಪ್ಪನನ್ನು ಆಕೆ ಕಂಡದ್ದು ಅದಾದ ಮೇಲೆ, ರೇಷನ್ ತರಲು ಹೋದ ದಿನ. ಅಂಗಡಿಯ ಮುಂದಿನ ಮಂಚದ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಮುದುಕ ಕೈ ಮಾಡಿ ಕರೆದ. ಒಳಗೆ ಚಾ ಕುಡಿಯುತ್ತಿದ್ದವರೆಲ್ಲ ಕಿವಿ ಇತ್ತ ಹಾಕಿದರು.

"ಸಾವಂತ್ರೀ, ಸಾಯೂ ಹೊತ್ತಿನಾಗ ನನ್ನ ಹೆಸರು ಕೆಡಸ್ತೀಯೇನ? ನಾನೊಬ್ಬ ಮಾಡಿದ್ದೇನು? ಎಲ್ಲಾ ಊರಾಗೂ ಹಂಗ ಇತ್ತು. ಕಾಲ ಹಂಗಿತ್ತು."

"ಕಾಲ ಹಂಗಿತ್ರಿ ಹೊಳೆಪ್ಪಾರ. ಆದ್ರ ಕಾಲಕ್ಕ ಕೈ ಇರ್ತಾವೇನ್ರಿ, ಮ್ಯಾಲಿಂದ ಚಾ ಸುರಿಯಾಕ?"

ಮುದುಕ ಗೋಡೆಯ ಕಡೆ ಮಗ್ಗಲಾದ. ಸಾವಂತ್ರೆವ್ವ ರೇಷನ್ ಚೀಲ ತಲೆಯ ಮೇಲಿಟ್ಟುಕೊಂಡು, ಹೆಜ್ಜೆ ಚಿಕ್ಕದು ಮಾಡದೆ ಅಗಸಿ ದಾಟಿದಳು.

ಅದೇ ವಾರ ಕಡಲೆ ಬಿತ್ತನೆಗೆ ಹದ ಬಂತು. ಕರಿಮಣ್ಣಿನ ಹದ ಯಾರಿಗೂ ಕಾಯುವುದಿಲ್ಲ. ಯಲ್ಲೇಶ ಟ್ರ್ಯಾಕ್ಟರ್ ತರಲು ಹೋದವನು ಬರಿಗೈಯಲ್ಲಿ ಬಂದ. ಬಂದವನೇ ಅಂಗಳದ ಕಲ್ಲಿನ ಮೇಲೆ ಕುಳಿತ. ಮಲ್ಲಮ್ಮ ನೀರು ತಂದುಕೊಟ್ಟಳು. ಅವನು ಚರಿಗೆಯನ್ನು ಕೈಯಲ್ಲಿ ಹಿಡಿದೇ ಇದ್ದ.

"ಕೊಡೂದಿಲ್ಲ ಅಂದ್ನೇನು?" ಎಂದಳು ಸಾವಂತ್ರೆವ್ವ.

"ಕೊಡ್ಲಿಲ್ಲಂದ್ರ ನನಗ ಅಷ್ಟ ಸಂಕಟ ಆಗ್ತಿರ್ಲಿಲ್ಲಬೇ. ನಾನೂ ಕೈ ಮುಗದೆ. 'ನಮ್ಮವ್ವಗ ನಾ ಹೇಳೀನಪಾ, ಕೇಳವಲ್ಲಳು, ಬಿತ್ತಿಗಿ ನಿಲ್ಲಸಬ್ಯಾಡ' ಅಂದೆ. ಅಂಗಡ್ಯಾಗ ಅಷ್ಟ ಮಂದಿ ಮುಂದ ಏನಂದ ಗೊತ್ತೈತೇನು? 'ನಿಮ್ಮನ್ನ ಒಳಗ ಬಿಟ್ಟಕೊಂಡದ್ದಕ್ಕ ಇದು ಫಲ' ಅಂದ. ಬಿಟ್ಟಕೊಂಡೇವಿ ಅಂತ. ಒಂದ ಗಾಡಿ ಓಡಿಸೇವಿ, ಒಂದ ತಾಟಿನಾಗ ಉಂಡೇವಿ. ಅಂವ ನನ್ನ ದೋಸ್ತ ಅಂತ ನಾ ತಿಳದಿದ್ದೆ. ಅಂವ ನನ್ನ ಬಿಟ್ಟಕೊಂಡಿದ್ನಂತ."

ಸಾವಂತ್ರೆವ್ವ ಮಗನ ಕೈಯಿಂದ ಚರಿಗೆ ತೆಗೆದುಕೊಂಡು ತಾನೇ ಅವನ ಬಾಯಿಗೆ ಹಿಡಿದಳು, ಸಣ್ಣವನಿದ್ದಾಗ ಹಿಡಿದಂತೆ. ಅವನು ಗಟಗಟ ಕುಡಿದ.

"ಕಡ್ಲಿ ಎತ್ತಿನ ಮ್ಯಾಲ ಬಿತ್ತೂಣು," ಎಂದಳು. "ತಿರ್ಲಾಪುರದಾಗ ನನ್ನ ತಮ್ಮನ ಎತ್ತು ಅದಾವು. ತಡಾ ಆದ್ರ ಆಗ್ಲಿ."

"ತಡಾ ಆದ್ರ ಆಗ್ಲಿ," ಎಂದ ಯಲ್ಲೇಶ. ಬಾಯಿ ಒರೆಸಿಕೊಂಡು, "ಆ ಕಪ್ಪು ಎಲ್ಲದಾವು?" ಎಂದು ಕೇಳಿದ.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

"ಒಡಿಯೂದಿಲ್ಲಬೇ. ಬಾಕ್ಸ್ ಎಷ್ಟ ದೊಡ್ಡದು ಬೇಕು ಅಂತ ನೋಡ್ಬೇಕು," ಎಂದ.

ಬಿತ್ತನೆ ಮುಗಿದ ಮೇಲೆ ಎಲ್ಲರೂ ಸೇರಿ ಆ ಕೆಲಸಕ್ಕೆ ಕೂತರು. ದುರ್ಗಾ ಧಾರವಾಡದಿಂದ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅಗಲದ ಟೇಪು ತಂದಿದ್ದಳು. ಮಲ್ಲಮ್ಮ ತನ್ನದೊಂದು ಹಳೆಯ ಬಿಳಿ ಸೀರೆಯನ್ನು ತೊಳೆದು, ಗಂಜಿ ಹಾಕದೆ ಒಣಗಿಸಿ, ಚೌಕ ಚೌಕ ಹರಿದಿಟ್ಟಳು. ಸಾವಂತ್ರೆವ್ವ ದಿಂಬು ಬಿಚ್ಚಿ ಬೀಜ ತೆಗೆದ ಅರಳೆಯನ್ನು ಬಿಸಿಲಿಗೆ ಹರವಿ ಬೆರಳಿನಿಂದ ಬಿಡಿಸಿದಳು. ಮೊದಲು ಕಪ್ಪಿನ ಹೊಟ್ಟೆಗೆ ಅರಳೆ. ತೀರ ಬಿಗಿಯಾಗಿ ತುರುಕಿದರೆ ಬಿರುಕಿನ ಕಪ್ಪು ಬಾಯಿ ಬಿಟ್ಟೀತೆಂದು ಹದವಾಗಿ. ಹಿಡಿಕೆಯ ಸಂದಿಗೆ ಬೇರೆಯೇ ಒಂದು ಉಂಡೆ. ಆಮೇಲೆ ಸೀರೆಯ ತುಂಡು, ಅದರ ಮೇಲೆ ಗುಳ್ಳೆ ಹಾಳೆ. ಬಸಿಗಳನ್ನು ಮಲಗಿಸದೆ ನಿಲ್ಲಿಸಿ, ನಡುವೆ ರಟ್ಟು. ಎಲ್ಲವೂ ಒಂದು ಡಬ್ಬಿಯಲ್ಲಿ, ಆ ಡಬ್ಬಿ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ, ಎರಡರ ನಡುವೆ ಸುತ್ತಲೂ ಕೈ ಅಗಲದಷ್ಟು ಮೆತ್ತೆ. ಹೊರಗಿನ ಪೆಟ್ಟಿಗೆಯನ್ನು ಯಲ್ಲೇಶ ದ್ರಾಕ್ಷಿ ಬರುವ ಪೆಟ್ಟಿಗೆಗಳ ಹಲಗೆಗಳಿಂದ ತಾನೇ ಮಾಡಿದ್ದ. ಒಳಮೈಗೆ ಒಂದು ಮೊಳೆಯ ತುದಿಯೂ ಹಾಯದಂತೆ ಬಡಿದಿದ್ದ.

ಹಿಡಿಕೆ ಇಲ್ಲದ ಕಪ್ಪನ್ನು ಮಾತ್ರ ಅವನು ಯಾರ ಕೈಗೂ ಕೊಡಲಿಲ್ಲ. ತಾನೇ ಸುತ್ತಿದ. ಅವನ ಬೆರಳುಗಳು ದೊಡ್ಡವು, ಮೊಂಡು, ಬಟ್ಟೆ ಜಾರುತ್ತಿತ್ತು. ಮಲ್ಲಮ್ಮ ಟೇಪು ಕತ್ತರಿಸಿ ಹಿಡಿದು ಕಾಯುತ್ತ ನಿಂತಳು.

ಮುಚ್ಚಳ ಹಾಕಿ, ಮೇಲು ಯಾವುದೆಂದು ತೋರಿಸುವ ಬಾಣ ಬರೆದು, ಯಲ್ಲೇಶ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸಪ್ಪಳವಿಲ್ಲ.

"ಕಟ್ಟಿ ಮ್ಯಾಲಿಂದ ಬಿಡ್ಲೇನಬೇ?" ಎಂದ.

"ಬಿಟ್ಟ ನೋಡು, ಕಾಲು ಮುರದ ಕೈಯಾಗ ಕೊಡ್ತೇನಿ."

ನವಲಗುಂದದ ಪಾರ್ಸೆಲ್ ಆಫೀಸಿಗೆ ತಾಯಿ ಮಗ ಬಸ್ಸಿನಲ್ಲಿ ಹೋದರು. ಯಲ್ಲೇಶ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಕೌಂಟರಿನ ಮುಂದೆ ಗದ್ದಲವಿತ್ತು. ಅವರ ಊರಿನವರೂ ಇಬ್ಬರು ಬೀಜದ ಚೀಲ ಬಿಡಿಸಿಕೊಳ್ಳಲು ನಿಂತಿದ್ದರು. ಇವರನ್ನು ಕಂಡು ಮಾತು ನಿಲ್ಲಿಸಿದರು.

"ಒಳಗೇನೈತ್ರಿ?" ಎಂದ ಕೌಂಟರಿನ ಹುಡುಗ.

"ಕಪ್ಪು-ಬಸಿ."

"ಹೊಸಾವೇನು?"

"ಹಳೇವು. ಒಂದಕ್ಕ ಹಿಡಿಕಿ ಇಲ್ಲ."

ಹುಡುಗ ನಕ್ಕ. "ಹಿಡಿಕಿ ಇಲ್ಲದ್ದಕ್ಕ ಇಷ್ಟ ಜ್ವಾಕೀನಾ? ಪುಣೆದಾಗ ಕಪ್ಪು ಸಿಗೂದಿಲ್ಲೇನ್ರಿ?"

"ಇಂಥಾವು ಸಿಗೂದಿಲ್ಲ," ಎಂದ ಯಲ್ಲೇಶ. ದನಿ ತಗ್ಗಿಸಲಿಲ್ಲ. "ನಮ್ಮೂರ ಹೊಳೆಪ್ಪನ ಅಂಗಡಿ ಹೊರಗ, ಗೋಡಿ ಮಾಡದಾಗ, ನಮ್ಮ ಮಂದಿಗಂತ ಬ್ಯಾರೆ ಇಟ್ಟಿದ್ದ ಕಪ್ಪು. ನಾ ಸಣ್ಣಾಂವಿದ್ದಾಗ ಇದರಾಗ ಚಾ ಕುಡದೇನಿ. ನಮ್ಮಪ್ಪ ಕಸಗೊಂಡು ಬಂದ. ನಮ್ಮವ್ವ ಕಾದಾಳ."

ಬೀಜದ ಚೀಲದವರಲ್ಲಿ ಒಬ್ಬ ಕೆಮ್ಮಿದ. ಹುಡುಗನ ನಗು ಎಲ್ಲಿ ಹೋಯಿತೋ, ಪೆನ್ನು ಹಿಡಿದು ತಲೆ ಬಗ್ಗಿಸಿದ. "ಕಳಸಾವ್ರ ಹೆಸರು ಹೇಳ್ರಿ."

"ಸಾವಂತ್ರೆವ್ವ, ಗಂಡ ಲಕ್ಷ್ಮಣಪ್ಪ. ಅದರ ಕೆಳಗ ಯಲ್ಲೇಶ ಅಂತ ಬರಿ. ಊರ ಹೆಸರು ದಪ್ಪ ಬರಿ."

ಹುಡುಗ ಬರೆದು, ಚೀಟಿ ಹಚ್ಚಿ, ಅಭ್ಯಾಸಬಲದಿಂದ ಪೆಟ್ಟಿಗೆಯನ್ನೆತ್ತಿ ಹಿಂದಿನ ರಾಶಿಯ ಮೇಲೆ ತಲೆಕೆಳಗಾಗಿ ಎಸೆಯಲು ಹೋದ.

"ಏ ತಮ್ಮಾ!" ಸಾವಂತ್ರೆವ್ವಳ ಕೂಗಿಗೆ ಆಫೀಸಿನ ಮಂದಿಯೆಲ್ಲ ತಿರುಗಿದರು. "ಬಾಣ ಯಾ ಕಡಿ ಐತಿ ನೋಡು. ಮ್ಯಾಲ. ಹಂಗ. ಇನ್ನೂ ಸಾವಕಾಶ. ಅದರ ಮ್ಯಾಲ ಮತ್ತೊಂದು ಹೇರಬ್ಯಾಡ."

"ಆತ್ರಿ ಯವ್ವಾ, ಇನ್ನ ಹೋಗ್ರಿ."

"ಗಾಡಿ ಬಂದು ತುಂಬೂತನಾ ನಾ ಹೋಗೂದಿಲ್ಲ," ಎಂದು ಆಕೆ ಬಾಗಿಲ ಬದಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತೇಬಿಟ್ಟಳು. ಯಲ್ಲೇಶ ಎದುರಿನ ಗಾಡಿಯಿಂದ ಗಿರಮಿಟ್ ಚುರುಮುರಿ ಕಟ್ಟಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತ. ಬೀಜದ ಚೀಲದವರು ಅವರನ್ನು ದಾಟಿಯೇ ಹೋಗಬೇಕಿತ್ತು. ತಾಯಿ ಮಗ ಕಾಲು ಮಡಚಲಿಲ್ಲ. ಅವರೇ ಬದಿಗೆ ಸರಿದು ಹೋದರು.

ಪೆಟ್ಟಿಗೆ ಪುಣೆ ಮುಟ್ಟಿತು. ಒಂದೂ ಒಡೆದಿರಲಿಲ್ಲ. ಬಿರುಕಿನ ಕಪ್ಪು ಕೂಡ ಹೋದ ಹಾಗೆಯೇ ಇತ್ತು. ಗಾಜಿನ ಹಿಂದೆ ಕಪ್ಪುಗಳು, ಪಕ್ಕದಲ್ಲಿ ಊರು, ಅಂಗಡಿ, ಹೆಸರುಗಳು ಎಲ್ಲ ಇರುವ ಫೋಟೋ ದುರ್ಗಾಳ ಮೊಬೈಲಿಗೆ ಬಂತು. ಸುಭಾಸ ಟ್ರ್ಯಾಕ್ಟರ್ ಕೊಡಲಿಲ್ಲ, ಎದುರು ಬಂದರೆ ಮುಖ ತಿರುಗಿಸಿ ಹೋದ. ಎತ್ತಿನ ಮೇಲೆ ತಡವಾಗಿ ಬಿತ್ತಿದ ಕಡಲೆ ಊರವರ ಕಡಲೆಗಿಂತ ಗೇಣು ಗಿಡ್ಡವಿತ್ತು. ಯಲ್ಲೇಶ ಸುಗ್ಗಿಯ ನಂತರ ಅಣ್ಣಿಗೇರಿಯಲ್ಲಿ ಬೇರೆಯವರ ಗಾಡಿ ಓಡಿಸುವ ಮಾತಾಡಿ ಬಂದಿದ್ದ. ಮುಂಜಾನೆ ಬುತ್ತಿ ಕಟ್ಟಿಸಿಕೊಂಡೇ ಹೊರಡುತ್ತಿದ್ದ.

ಒಂದು ಭಾನುವಾರ ದುರ್ಗಾಳ ಮೊಬೈಲು ರಿಂಗಾಯಿತು. ಕಲಘಟಗಿ ಕಡೆಯ ಹೆಂಗಸು. ಆ ಫೋಟೋ ಅವರಿವರ ಕೈ ದಾಟಿ ಆಕೆಯನ್ನೂ ಮುಟ್ಟಿತ್ತು. ಮಾವನ ಕಾಲದಲ್ಲಿ ಅಂಗಡಿಯವರು ಬೇರೆ ಇಟ್ಟಿದ್ದ ಒಂದು ಗಾಜಿನ ಲೋಟ ಅವರ ಮನೆಯಲ್ಲೂ ಇದೆಯಂತೆ, ತಾವೂ ಕಳಿಸಬೇಕೆಂದಿದ್ದೇವೆ, ಒಡೆಯದಂತೆ ಹೇಗೆ ಕಟ್ಟುವುದು ಎಂದು ಕೇಳಿದಳು.

ದುರ್ಗಾ ಹೇಳಲು ಶುರು ಮಾಡುವಷ್ಟರಲ್ಲಿ ಸಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಮೊಬೈಲು ಕಸಿದುಕೊಂಡಳು.

"ಹಲೋ. ಅರಳಿ, ಅರಿವಿ, ಡಬ್ಬಿ ಎಲ್ಲಾ ಆಮ್ಯಾಲ ಹೇಳ್ತೇನಿ ಯವ್ವಾ. ಮೊದಲ ಒಂದು ಹಾಳಿ ತಗೊಂಡು ಕುಂದ್ರು. ಯಾವ ಊರು, ಯಾರ ಅಂಗಡಿ, ಯಾರ ಕೈಲೆ ಕೊಟ್ರು, ಹೆಸರು ಬರಿ. ಬರದೇನು? ಹಾಂ, ಈಗ ಲೋಟದ ಹೊಟ್ಟಿಗೆ ಅರಳಿ ತುಂಬು."